ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ?

ಮಹಿಳಾ ದಿನದ ಕಾರ್ಯಕ್ರಮವೊಂದಕ್ಕೆ ಮಧುಗಿರಿಗೆ ಹೋಗಿದ್ದೆ. ಹೋಗಿದ್ದೆ ಅನ್ನುವುದಕ್ಕಿಂತ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ ಅಂದರೆ ಸರಿಯಾದೀತು. ಅತ್ತೆ ಊರಿನ ಸ್ತ್ರೀಶಕ್ತಿ ಸಂಘದ ಹಳೇ ಸದಸ್ಯೆ. ಒಂದೊಂದು ಸಂಘದಿಂದ ಐದೈದು ಜನ ಬರಲೇಬೇಕು ಅಂತ ಹೇಳಿಕಳಿಸಿದ್ದರಂತೆ. ಯಾವ ಸಂಸ್ಥೆ, ಯಾವ ಇಲಾಖೆ ಅನ್ನೋದೆಲ್ಲ ಬೇಡ ಬಿಡಿ, ಪಾಪ, ಅವರ ಉದ್ದೇಶವೇನೂ ಕೆಟ್ಟದ್ದಲ್ಲ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್: "ಪರಿಸರ ಸುಸ್ಥಿರತೆಯಲ್ಲಿ ಮಹಿಳಾ ನಾಯಕತ್ವ". ವೇದಿಕೆ ಮೇಲೆ ಒಂಬತ್ತು ಕುರ್ಚಿ, ಏಳರಲ್ಲಿ ಗಂಡಸರು. ಎಣಿಸುವ ಕೆಟ್ಟ ಚಟ ನನಗೆ ಮೊದಲಿಂದಲೂ ಇದೆ.

ಭಾಷಣ ಶುರುವಾಗಿ ಒಂದು ಗಂಟೆಯಾಗಿತ್ತು. ಅತ್ತೆ ಮೆಲ್ಲಗೆ ನನ್ನ ಕಡೆ ಬಾಗಿ, "ಊಟ ಎಷ್ಟೊತ್ಗಂತೆ ಅಳಿಯಾ? ಮೂರಕ್ಕೆ ತ್ರೀಫೇಸ್ ಕೊಡ್ತಾರೆ, ಮೋಟ್ರು ಹಾಕ್ಬೇಕು" ಅಂದಳು. ಅಷ್ಟರಲ್ಲಿ ವೇದಿಕೆ ಮೇಲಿದ್ದವರು, ಮಹಿಳೆಯರು ಇನ್ನಾದರೂ ಮುಂದೆ ಬಂದು ನೆಲ-ಜಲದ ಜವಾಬ್ದಾರಿ ತೆಗೆದುಕೊಳ್ಳಬೇಕು ಅಂತ ಕರೆ ಕೊಡುತ್ತಿದ್ದರು!

ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಭಾಷಣಗಳಲ್ಲಿ ಎರಡು ಹೆಸರು ಮತ್ತೆ ಮತ್ತೆ ಬಂದವು. ಸಾಲುಮರದ ತಿಮ್ಮಕ್ಕ, ಸೂಲಗಿತ್ತಿ ನರಸಮ್ಮ. ಬರಬೇಕಾದದ್ದೇ. ತಿಮ್ಮಕ್ಕ ಹುಟ್ಟಿದ್ದು ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ಸೇರಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ನರಸಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಇಬ್ಬರೂ ಕೂಲಿ ಮಾಡಿದವರು, ಇಬ್ಬರಿಗೂ ಪದ್ಮಶ್ರೀ ಬಂತು. ನರಸಮ್ಮನಿಗೆ 2018ರಲ್ಲಿ, ತಿಮ್ಮಕ್ಕನಿಗೆ 2019ರಲ್ಲಿ. ನರಸಮ್ಮ ಪ್ರಶಸ್ತಿ ಬಂದ ವರ್ಷದ ಕೊನೆಯಲ್ಲೇ, ಡಿಸೆಂಬರ್ 25ರಂದು ತೀರಿಕೊಂಡರು. ತಿಮ್ಮಕ್ಕ 2025ರ ನವೆಂಬರ್ 14ರಂದು ಹೋದರು.

ಆದರೆ ಇವರಿಬ್ಬರೂ ಕೆಲಸ ಮಾಡಿದ್ದು ಎಲ್ಲಿ ಅಂತ ಒಂದು ಸಲ ನೋಡಿ. ತಿಮ್ಮಕ್ಕ ಆಲದ ಗಿಡ ನೆಟ್ಟಿದ್ದು ಸ್ವಂತ ಹೊಲದಲ್ಲಲ್ಲ, ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆ ಬದಿಯಲ್ಲಿ. ಗಂಡ ಚಿಕ್ಕಯ್ಯನ ಜೊತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ 385 ಮರ. ನೆಲ ಸರ್ಕಾರದ್ದು, ನೆರಳು ಊರಿನದ್ದು. ನರಸಮ್ಮ ಹೆರಿಗೆ ಮಾಡಿಸಿದ್ದು ಬೇರೆಯವರ ಮನೆಗಳಲ್ಲಿ, ಹದಿನೈದು ಸಾವಿರಕ್ಕೂ ಮೇಲೆ, ದುಡ್ಡು ತೆಗೆದುಕೊಳ್ಳದೆ. ವಿದ್ಯೆ ಬಂದಿದ್ದು ಅಜ್ಜಿ ಮರಿಗೆಮ್ಮನಿಂದ. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ಸೊಪ್ಪು-ಬೇರಿನ ಔಷಧಿ ಕಲಿತರಂತೆ. ಅದಕ್ಕೆ ಲೈಸೆನ್ಸು ಬೇಕಿರಲಿಲ್ಲ, ಪಟ್ಟಾ ಬೇಕಿರಲಿಲ್ಲ, ಜಾಮೀನು ಬೇಕಿರಲಿಲ್ಲ. (ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅನ್ನುವವನು ನಾನೂ. ತಾಯಂದಿರ ಸಾವು ಇಳಿದಿರುವುದರಲ್ಲಿ ಆಸ್ಪತ್ರೆ ಹೆರಿಗೆಯ ಪಾಲು ದೊಡ್ಡದು. ಆ ವಾದ ಇಲ್ಲಿ ಬೇಡ.)

ಅಂದರೆ ಕಾಗದದಲ್ಲಿ ಯಾರ ಹೆಸರು ಅಂತ ಯಾರೂ ಕೇಳದ ಜಾಗದಲ್ಲಿ ಇವರು ದೊಡ್ಡವರಾದರು. ಕಾಗದ ಕೇಳುವ ಜಾಗ ಬಂದಾಗ ಏನಾಯಿತು ಅನ್ನುವುದನ್ನು ಅವತ್ತು ಯಾರೂ ಹೇಳಲಿಲ್ಲ. 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಯೋಜನೆಗೆ ತಿಮ್ಮಕ್ಕನ ಮರಗಳೇ ಅಡ್ಡ ಬಂದವು. ನೂರು ದಾಟಿದ ಆ ಅಜ್ಜಿ ಮುಖ್ಯಮಂತ್ರಿ, ಉಪಮುಖ್ಯಮಂತ್ರಿಗಳ ಹತ್ತಿರ ಮರ ಕಡಿಯಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ಆಗ ಉಪಮುಖ್ಯಮಂತ್ರಿ ಆಗಿದ್ದವರು ನಮ್ಮ ಕೊರಟಗೆರೆಯ ಶಾಸಕ ಪರಮೇಶ್ವರ್. ಬೇರೆ ದಾರಿ ನೋಡುತ್ತೇವೆ ಅಂತ ಅವರು ಭರವಸೆ ಕೊಟ್ಟರು. ಸಂತೋಷ. ಆದರೆ ಪದ್ಮಶ್ರೀ ಬಂದ ವರ್ಷವೇ, ತಾನೇ ನೆಟ್ಟ ಮರಕ್ಕಾಗಿ ತಾನೇ ಅರ್ಜಿ ಹಿಡಿದು ನಿಲ್ಲುವ ಸ್ಥಿತಿ! ಪ್ರಶಸ್ತಿ ಇಲ್ಲದವರ ಗತಿ ಏನಿರಬೇಡ?

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬರ್ತೀನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ಕಡೆ ಬಂದಿಲ್ಲದವರಿಗೆ ಒಂದು ಮಾತು: ಹಸಿರು ಕರ್ನಾಟಕದ ಕ್ಯಾಲೆಂಡರಿನಲ್ಲಿ ನಮ್ಮ ಚಿತ್ರ ಬರೋದಿಲ್ಲ. ಬಂದರೆ ಮಧುಗಿರಿಯ ಏಕಶಿಲಾ ಬೆಟ್ಟ, ಇಲ್ಲವೇ ಮೈದನಹಳ್ಳಿಯ ಕೃಷ್ಣಮೃಗ. ಬಂಡೆ, ಹುಣಸೆ, ಜಾಲಿ, ಕಡಲೆಕಾಯಿ ಹೊಲ. ಪಾವಗಡವಂತೂ ಹೆಚ್ಚುಕಡಿಮೆ ಆಂಧ್ರದ ಹೊಟ್ಟೆಯೊಳಗೇ ಕೂತಿದೆ. ಮಳೆ ನಂಬಿ ಮದುವೆ ದಿನ ಇಟ್ಟುಕೊಂಡವರಿಲ್ಲ. ಇಂಥ ಕಡೆ ನೂರಾರು ವರ್ಷ ಜನ, ದನ, ಕುರಿ ಬದುಕಿದ್ದು ಹೇಗೆ?

ಒಂದು ಉತ್ತರ ತಲಪರಿಗೆ. ನಮ್ಮ ಭಾಗ ಬಿಟ್ಟರೆ ಈ ಪದವೇ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಕೆರೆಯ ಅಂಗಳದಲ್ಲಿ, ಹಳ್ಳದ ಪಾತ್ರದಲ್ಲಿ, ಮರಳು ನೆಲದಲ್ಲಿ ಮೇಲಕ್ಕೇ ಉಕ್ಕುವ ಒರತೆ. ಅದಕ್ಕೆ ಗುಂಡಿ, ಗುಂಡಿಯಿಂದ ಕಾಲುವೆ. ಎತ್ತುವ ಕೆಲಸವಿಲ್ಲ, ನೀರು ತಾನಾಗೇ ಹರಿಯುತ್ತದೆ. ಕೆರೆ ಬತ್ತಿದರೂ ತಲಪರಿಗೆಯಲ್ಲಿ ನೀರು ಇರುತ್ತಿತ್ತು. ಕುಡಿಯುವುದಕ್ಕೆ, ದನಕ್ಕೆ, ಮಿಕ್ಕಿದ್ದು ಗದ್ದೆಗೆ. ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಹೂಳು ತೆಗೆಯುವುದು, ಗಂಗಮ್ಮನ ಪೂಜೆ ಮಾಡುವುದು. ತುಮಕೂರಿನ 'ಧಾನ್ಯ' ಸಂಸ್ಥೆಯ ಮಲ್ಲಿಕಾರ್ಜುನ ಹೊಸಪಾಳ್ಯ ಊರೂರು ಸುತ್ತಿ ಇವನ್ನು ದಾಖಲಿಸದೇ ಹೋಗಿದ್ದರೆ ನನ್ನಂಥವರು ಇದನ್ನು ಅಜ್ಜಿ ಕಾಲದ ಹಳ್ಳ ಅಂತ ಮರೆತುಬಿಡುತ್ತಿದ್ದೆವು.

ತಲಪರಿಗೆಯ ಲೆಕ್ಕ ಗಂಡಸರದ್ದೇ. ನೀರುಗಂಟಿ ಗಂಡಸು, ಪಾಳಿ ಹೇಳುವ ಯಜಮಾನ ಗಂಡಸು. ಆದರೆ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದವರು ಹೆಂಗಸರು. ನೀರು ಎಷ್ಟು ಇಳಿದಿದೆ, ರುಚಿ ಬದಲಾಯಿತಾ, ಹೂಳು ಕಟ್ಟಿತಾ, ದನ ಇಳಿದು ಕೆಡಿಸಿದವಾ... ಇದೆಲ್ಲ ಅವರಿಗೇ ಮೊದಲು ಗೊತ್ತಾಗುತ್ತಿತ್ತು. "ಈ ಸಲ ಶಿವರಾತ್ರಿಗೇ ಕೆಳಕ್ಕೋಯ್ತು ಕಣೋ, ಕೊಡ ಮುಳುಗ್ತಿರ್ಲಿಲ್ಲ, ಚೆಂಬಲ್ಲಿ ತುಂಬ್ಕೊಂಡ್ವಿ" ಅಂತ ಅತ್ತೆ ಯಾವುದೋ ಹಳೆಯ ಬರದ ಕತೆ ಹೇಳುವಾಗ ನನಗೆ ಅನ್ನಿಸುವುದು, ಇದಕ್ಕಿಂತ ಒಳ್ಳೆಯ ಅಂತರ್ಜಲ ಮಾಪನ ಯಾವ ಇಲಾಖೆಯ ಹತ್ತಿರ ಇತ್ತು ಅಂತ.

ಹಳೆಯದನ್ನು ಹೊಗಳುವ ಭರದಲ್ಲಿ ಒಂದು ವಿಷಯ ಮುಚ್ಚಿಡಬಾರದು. ಕೊಡ ಇಡುವ ಜಾಗಕ್ಕೂ ಜಾತಿ ಇತ್ತು. ಹೂಳು ತೆಗೆಯಲು ಮೊದಲು ಇಳಿಯುವ ಕೇರಿಯವರು ನೀರು ತುಂಬಲು ಕೊನೆಗೆ ನಿಲ್ಲಬೇಕಿತ್ತು, ಇಲ್ಲವೇ ಬೇರೆ ಕಡೆಗೇ ಹೋಗಬೇಕಿತ್ತು. ಎಂಬತ್ತರ ದಶಕದಲ್ಲಿ ನಜೀರ್ ಸಾಬರ ಕಾಲಕ್ಕೆ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೈಪಂಪು ಬಂದಾಗ ಜನ ಅವರನ್ನು 'ನೀರ್ ಸಾಬ್' ಅಂತ ಕರೆದದ್ದು ಸುಮ್ಮನೆ ಅಲ್ಲ. ಕೇರಿಯ ಹೆಂಗಸರಿಗೆ ತಮ್ಮ ಮನೆ ಮುಂದೆಯೇ ನೀರು ಬಂತಲ್ಲ, ಅದನ್ನು ಸಣ್ಣದು ಅನ್ನುವ ಧೈರ್ಯ ನನಗಿಲ್ಲ.

ತಿರುಗಿದ್ದು ಆಮೇಲೆ. ಕೈಪಂಪಿನ ಹಿಂದೆಯೇ ಹೊಲದ ಬೋರ್‌ವೆಲ್ ಬಂತು. ಮುನ್ನೂರು ಅಡಿ, ಆರುನೂರು ಅಡಿ, ಸಾವಿರ ಅಡಿ... ಹಳ್ಳದ ಮರಳು ಲಾರಿ ಹತ್ತಿತು. ಮರಳು ಹೋದ ಕಡೆ ಒರತೆ ಉಕ್ಕುವುದಾದರೂ ಎಲ್ಲಿಂದ? ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಬೋರ್‌ವೆಲ್ಲಿಗೆ ಬೇಕಾದದ್ದು ಪಹಣಿ. ಬ್ಯಾಂಕಿಗೆ ಪಹಣಿ, ಬೆಸ್ಕಾಂಗೆ ಪಹಣಿ, ಸಬ್ಸಿಡಿಗೆ ಪಹಣಿ. ಊರಿನದ್ದಾಗಿದ್ದ ನೀರು ಸರ್ವೆ ನಂಬರಿನ ನೀರಾಯಿತು. ಸರ್ವೆ ನಂಬರು ಯಾರ ಹೆಸರಲ್ಲಿದೆಯೋ ಅವನದ್ದು. ಮೋಟಾರು ಹಾಕಲು ಮೂರು ಗಂಟೆಗೆ ಓಡಿ ಹೋಗುವವಳು ನಮ್ಮತ್ತೆ, ಆದರೆ ಮೀಟರು ಯಾರ ಹೆಸರಲ್ಲಿದೆ ಕೇಳಬೇಡಿ.

ಆಳದ ನೀರಿನ ಜೊತೆ ಫ್ಲೋರೈಡೂ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ಪಾವಗಡದ ಎಷ್ಟೋ ಊರುಗಳಲ್ಲಿ ಅದನ್ನು ದಾಟಿದ ನೀರನ್ನೇ ಕುಡಿದು ಒಂದು ತಲೆಮಾರಿನ ಹಲ್ಲು ಕಂದು ಬಣ್ಣಕ್ಕೆ ತಿರುಗಿತು, ಕೆಲವರ ಮೂಳೆ ಬಗ್ಗಿತು. 2025ರ ಜುಲೈನಲ್ಲಿ ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಪಾವಗಡದಲ್ಲಿ ಉದ್ಘಾಟನೆ ಆಯಿತು. ಹಳ್ಳಿ ಹಳ್ಳಿಯ ಕೊನೆಯ ನಲ್ಲಿಯವರೆಗೂ ಆ ನೀರು ನಿಲ್ಲದೆ ಬರಲಿ ಅಂತ ನನ್ನ ಹಾರೈಕೆ.

ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಅದರ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಅಂಶ ಇತ್ತು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಪ್ರತಿ ಊರಲ್ಲಿ ಐದು ಜನ ಹೆಂಗಸರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಮಾಡುವುದು ಕಲಿಸಬೇಕು ಅಂತ. ಪರವಾಗಿಲ್ಲ, ಯಾರೋ ತಲೆ ಇರುವವರು ಬರೆದಿದ್ದಾರೆ ಅನ್ನಿಸಿತು. ಆದರೆ ನನ್ನ ಪ್ರಶ್ನೆ ಮುಂದಿನದ್ದು. ಕಿಟ್ಟಿನಲ್ಲಿ ಬಣ್ಣ ಬದಲಾಗಿ ಈ ನೀರು ಕುಡಿಯಬಾರದು ಅಂತ ಆಕೆ ಹೇಳಿದಳು ಅಂತಿಟ್ಟುಕೊಳ್ಳಿ. ಆ ಬೋರ್‌ವೆಲ್ ನಿಲ್ಲಿಸು ಅನ್ನುವ ಅಧಿಕಾರ ಆಕೆಗಿದೆಯಾ? ಇಲ್ಲ. ಆಕೆ ವಾಟರ್‌ಮ್ಯಾನ್‌ಗೆ ಹೇಳಬೇಕು, ಅವನು ಪಿಡಿಓಗೆ, ಅವರು ಎಂಜಿನಿಯರಿಗೆ. ಪರೀಕ್ಷೆ ಹೆಂಗಸರದ್ದು, ತೀರ್ಮಾನ ಬೇರೆಯವರದ್ದು.

ಬೀಜದ ಕತೆಯೂ ಹೀಗೇ. ಕೊರಲೆ ಅಂತ ಒಂದು ಸಿರಿಧಾನ್ಯ ಇದೆ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಚಂದದ ಪ್ಯಾಕೆಟ್ಟಿನಲ್ಲಿ ಸಿಗುತ್ತೆ. ಸಾಮೆ, ನವಣೆ, ಆರಕ ಬೇರೆ ಕಡೆಯೂ ಉಳಿದುಕೊಂಡವು. ಕೊರಲೆ ಮಾತ್ರ ಹೆಚ್ಚಾಗಿ ಉಳಿದಿದ್ದು ಪಾವಗಡ, ಮಧುಗಿರಿ, ಶಿರಾ, ಆಚೆಗೆ ಹಿಂದೂಪುರ ಕಡೆಯ ಗಡಿ ಹೊಲಗಳಲ್ಲಿ. ಉಳಿದದ್ದು ಯಾಕೆ? ಕಡಲೆಕಾಯಿಗೆ ಮಾರುಕಟ್ಟೆ ಬಂದು, ಗಂಡಸರು ಹೊಲಪೂರ್ತಿ ಅದನ್ನೇ ಬಿತ್ತಿದ ಕಾಲದಲ್ಲಿ, ಬದುವಿನ ಪಕ್ಕದ ನಾಲ್ಕು ಸಾಲು, ಕಲ್ಲು ನೆಲದ ಒಂದು ಮೂಲೆ ಮನೆಯ ಹೆಂಗಸರ ಪಾಲಿಗೆ ಬಿಟ್ಟಿದ್ದರು. ಅಲ್ಲಿ ಅವರು ಬಿತ್ತಿಕೊಂಡರು. ಬೂದಿ ಬೆರೆಸಿ ಮಡಕೆಯಲ್ಲಿ ಬೀಜ ಇಟ್ಟರು. ಮಳೆ ತಡವಾದರೂ ಬರುತ್ತೆ, ದನಕ್ಕೆ ಮೇವಾಗುತ್ತೆ, ಮನೆಗೆ ಅನ್ನವಾಗುತ್ತೆ. ನಮ್ಮತ್ತೆಯೂ ಒಂದು ಕೊಳಗದಷ್ಟು ಪ್ರತಿ ವರ್ಷ ಎತ್ತಿಡುತ್ತಿದ್ದಳು, "ಇರ್ಲಿ ಬುಡು, ಯಾವ್ದೂ ಬರ್ದಿದ್ರೆ ಇದಾದ್ರೂ ಬತ್ತದೆ" ಅಂತ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿತು. ಮೇಳಗಳಾದವು. ಅಲ್ಲಿ ಮಳಿಗೆ ಹಾಕಿದ್ದವರಲ್ಲಿ ಬೀಜ ಎತ್ತಿಟ್ಟ ಹೆಂಗಸರು ಎಷ್ಟು, ಪ್ಯಾಕೆಟ್ ಮಾಡಿದವರು ಎಷ್ಟು ಅಂತ ನೀವೂ ನೋಡಿರುತ್ತೀರಿ.

ಶಿರಾದ ಕಗ್ಗಲಡು ಹೇಳದೆ ಮುಂದೆ ಹೋಗಲಾರೆ, ನನಗೆ ಬಹಳ ಇಷ್ಟದ ಜಾಗ. ಶಿರಾದಿಂದ ಹತ್ತು ಕಿಲೋಮೀಟರಿನ ಆಸುಪಾಸು. ಕೊಕ್ಕರೆ ಬೆಳ್ಳೂರಿನ ಹಾಗೆ ಇಲ್ಲೂ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಬೂದು ಬಕಗಳೂ ಬರುತ್ತವೆ. ತೊಂಬತ್ತರ ದಶಕದ ಕೊನೆಗೆ ತುಮಕೂರಿನ ಪಕ್ಷಿಪ್ರಿಯರು ನೋಡಿ ಹೊರಗೆ ಹೇಳಿದ ಮೇಲೆ ಹೆಸರಾಯಿತು. ಊರಿನವರು ಹಕ್ಕಿಗೆ ತೊಂದರೆ ಮಾಡುವುದಿಲ್ಲ, ಗೂಡಿರುವ ಮರದ ಹುಣಸೆ ಬಡಿಯುವುದಿಲ್ಲ. ಇದನ್ನು ಓದಿ ಎಲ್ಲರೂ ಆಹಾ ಅಂತೀವಿ. ನಮ್ಮ ಸೀಮೆಯಲ್ಲಿ ಹುಣಸೆ ಅಂದರೆ ಏನು ಗೊತ್ತಾ? ಬೇಸಿಗೆಯಲ್ಲಿ ಬೇರೆ ಕೂಲಿ ಇಲ್ಲದಾಗ ಹೆಂಗಸರು ಜಗುಲಿ ಮೇಲೆ ಕೂತು ಕಾಯಿ ಕುಟ್ಟಿ, ಬೀಜ ತೆಗೆದು ಸಂಪಾದಿಸುವ ಕಾಸು. ಮರ ಬಡಿಯದಿದ್ದರೆ ಆ ಕಾಸಿನಲ್ಲಿ ಅಷ್ಟು ಕಡಿಮೆ. ಮೇಲಿಂದ ಮನೆ ಮುಂದೆ ಬೀಳುವ ಹಿಕ್ಕೆ, ಸತ್ತ ಮೀನು, ಆ ನಾತ. ಕ್ಯಾಮೆರಾ ಹಿಡಿದು ಹೋದ ನಾವು ಮೇಲೆ ನೋಡುತ್ತೇವೆ, ಕೆಳಗೆ ಗುಡಿಸುವವರು ಯಾರು ಅಂತ ನೋಡುವುದಿಲ್ಲ. ನಾನೂ ಮೊದಲ ಸಲ ಹೋದಾಗ ನೋಡಿರಲಿಲ್ಲ.

ಇಷ್ಟು ಹೊತ್ತು ಸಣ್ಣ ಸಣ್ಣದು ಹೇಳಿದೆ. ಈಗ ದೊಡ್ಡದು.

ಪಾವಗಡದ ಸೋಲಾರ್ ಪಾರ್ಕ್. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ. ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಮೊದಲ ಹಂತ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿ ಆಯಿತು. ಆಗ ಜಗತ್ತಿನ ಅತಿ ದೊಡ್ಡ ಸೌರ ಪಾರ್ಕುಗಳಲ್ಲಿ ಒಂದು ಅಂತ ಪೇಪರುಗಳೆಲ್ಲ ಬರೆದವು. ಇದರಲ್ಲಿ ನಿಜವಾಗಿ ಮೆಚ್ಚುವಂಥದ್ದು ಏನೆಂದರೆ ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ವರ್ಷಗಟ್ಟಲೆ ಬಿತ್ತಿದ ಬೀಜವೂ ವಾಪಸ್ ಬಾರದ ನೆಲಕ್ಕೆ ಇದು ಕಡಿಮೆಯೇನಲ್ಲ. ಎಷ್ಟೋ ಕುಟುಂಬ ಸಾಲ ತೀರಿಸಿಕೊಂಡವು, ಮನೆ ಕಟ್ಟಿದವು, ಮಕ್ಕಳನ್ನು ಓದಿಸಿದವು. ಬೆಂಗಳೂರಿನಲ್ಲಿ ಎಸಿ ಹಾಕಿಕೊಂಡು ಕೂತು 'ಅಯ್ಯೋ ಹೊಲ ಹೋಯಿತು' ಅನ್ನುವ ಕವಿತೆ ಬರೆಯುವುದು ನನಗೆ ಸೇರೋದಿಲ್ಲ.

ಆದರೆ ಗುತ್ತಿಗೆ ಹಣ ಯಾರ ಖಾತೆಗೆ ಬಂತು? ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿತ್ತೋ ಅವರ ಖಾತೆಗೆ. ಕಾನೂನು ಪ್ರಕಾರ ಹಾಗೇ ಆಗಬೇಕು, ತಪ್ಪೇನಿಲ್ಲ. ಆ 13 ಸಾವಿರ ಎಕರೆಯಲ್ಲಿ ಕಳೆ ತೆಗೆಯುತ್ತಿದ್ದವರು, ಕಡಲೆಕಾಯಿ ಕೀಳುತ್ತಿದ್ದವರು, ಬಿಡಿಸುತ್ತಿದ್ದವರು ಯಾರು? ಹೆಣ್ಣಾಳುಗಳು. ಅವರಲ್ಲಿ ಜಮೀನಿಲ್ಲದವರೇ ಹೆಚ್ಚು. ಬದುವಿನಲ್ಲಿ ಮೇಕೆ ಮೇಯಿಸುತ್ತಿದ್ದವರು, ಸೌದೆ, ಸೊಪ್ಪು ತರುತ್ತಿದ್ದವರು? ಅವರಿಗೆ ಗುತ್ತಿಗೆ ಇಲ್ಲ, ಪರಿಹಾರ ಇಲ್ಲ. ಯಾಕೆಂದರೆ ಕೂಲಿಗೆ ಪಹಣಿ ಇಲ್ಲ, ಮೇವಿಗೆ ಪಹಣಿ ಇಲ್ಲ. ಬೇಲಿ ಬಿದ್ದ ಮೇಲೆ ಕೆಲವರಿಗೆ ಹುಲ್ಲು ಕತ್ತರಿಸುವ, ಪ್ಯಾನೆಲ್ ತೊಳೆಯುವ ಕೆಲಸ ಸಿಕ್ಕಿತು, ಹೊಲದ ಕೂಲಿಯಲ್ಲಿ ಇದ್ದಷ್ಟು ಜನಕ್ಕೆ ಅಲ್ಲ. ಮನೆಯೊಳಗೂ ಇದೇ. ಹೊಲದಲ್ಲಿ ಬೆಳೆದಾಗ ಜೋಳ, ತೊಗರಿ, ಅವರೆ ಹೆಂಗಸಿನ ಕೈಗೇ ಮೊದಲು ಬರುತ್ತಿತ್ತು, ಎಷ್ಟು ಅಳೆದು ಹಾಕಬೇಕು ಅನ್ನುವುದು ಅವಳ ತೀರ್ಮಾನ. ದುಡ್ಡು ಬ್ಯಾಂಕಿಗೆ ಬಂದರೆ ಅದು ಅವಳ ಕೈಗೆ ಬರಬೇಕಾದರೆ ಕೇಳಬೇಕು.

ಜಗತ್ತಿಗೆ ಒಳ್ಳೆಯದಾಗುವ ಕೆಲಸ, ಇಂಗಾಲ ಇಳಿಸುವ ಕೆಲಸ. ಅದರಲ್ಲೂ ಹೀಗೆ! ಅದಕ್ಕೇ ನನಗೆ ಆ ಬ್ಯಾನರ್ ನೋಡಿದಾಗ ಹೊಟ್ಟೆಯೊಳಗೆ ಒಂಥರಾ ಆಗಿದ್ದು. ಪರಿಸರದ ಕೆಲಸ ದೊಡ್ಡದಾದಷ್ಟೂ ಅದು ಕಾಗದ ಕೇಳುತ್ತದೆ. ಕಾಗದ ಕೇಳಿದಷ್ಟೂ ಹೆಂಗಸರು ಅದರ ಹೊರಗೆ ಉಳಿಯುತ್ತಾರೆ. ಆಮೇಲೆ ಅವರಿಗೆ ನಾಯಕತ್ವದ ತರಬೇತಿ ಕೊಡುತ್ತೇವೆ.

'ಸಂಘಗಳಿವೆಯಲ್ಲ' ಅಂತ ನೀವು ಕೇಳಬಹುದು. ಇವೆ. ಸ್ತ್ರೀಶಕ್ತಿ 2000ದಲ್ಲಿ ಶುರುವಾಯಿತು. ಆರಂಭದ ವರ್ಷಗಳಲ್ಲಿ ನಮ್ಮೂರ ಸಂಘದ ಸಭೆ ನೋಡಿದ್ದೇನೆ, ದೇವಸ್ಥಾನದ ಕಟ್ಟೆ ಮೇಲೆ ವಾರಕ್ಕೊಂದು ಸಲ. ಹತ್ತು ರೂಪಾಯಿ ಉಳಿತಾಯ ಐದು ನಿಮಿಷದ ಕೆಲಸ, ಉಳಿದ ಒಂದು ಗಂಟೆ ಊರಿನ ಮಾತು. ಸಾರಾಯಿ ಅಂಗಡಿ, ಒಡೆದ ಪೈಪು, ಬರದ ಟೀಚರು. ಆಮೇಲೆ ನಿಧಾನಕ್ಕೆ ಎಲ್ಲ ದಿಕ್ಕಿನಿಂದ ಸಾಲ ಬಂತು. ಈಗ ಸಭೆ ಅಂದರೆ ಕಂತು. ಕಟ್ಟಿದೆಯಾ, ಕಟ್ಟಿಲ್ಲವಾ, ಕಟ್ಟದವಳ ಮನೆ ಮುಂದೆ ಎಲ್ಲರೂ ಹೋಗಿ ಕೂರೋಣ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಎಲ್ಲಿಗೆ ಬಂದಿದ್ದೆವು ನೋಡಿ. ಹೆಂಗಸರ ಹೆಸರನ್ನು ತಪ್ಪದೆ ಕೇಳುವ ಕಾಗದ ಒಂದೇ ಒಂದು, ಸಾಲದ ಕಾಗದ.

ಪಂಚಾಯ್ತಿ ಮೀಸಲಾತಿಯೂ ಇದೆ. ಈ ವಿಷಯದಲ್ಲಿ ನಮ್ಮ ರಾಜ್ಯ ದೇಶಕ್ಕಿಂತ ಮುಂದಿತ್ತು. 1987ರ ಚುನಾವಣೆಯಲ್ಲೇ ಶೇ. 25, 2010ರಿಂದ ಶೇ. 50. ಅಧ್ಯಕ್ಷೆಯ ಗಂಡನೇ ಅಧ್ಯಕ್ಷ ಅನ್ನುವ ಜೋಕು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿ ನಕ್ಕಿದ್ದೇನೆ. ಆದರೆ ಆ ಗಂಡನೂ ಸಹಿಗೆ ಹೆಂಡತಿಯನ್ನು ಕೇಳಲೇಬೇಕು. ಕೇಳುತ್ತಾ ಕೇಳುತ್ತಾ ಎರಡನೇ ವರ್ಷಕ್ಕೆ ಆಕೆ 'ಇದೇನು ಬಿಲ್ಲು, ಓದಿ ಹೇಳು' ಅನ್ನುವುದನ್ನು ಕಲಿಯುತ್ತಾಳೆ. ಕಾಗದದಲ್ಲಿ ಹೆಸರು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹೆಸರು ಇದ್ದರೆ ಕನಿಷ್ಠ ಕೇಳಬೇಕಾಗುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡಬೇಕು ಅಂತೀರಾ? ನನ್ನ ಮಟ್ಟಿಗೆ ತೋಚಿದ್ದು ಹೇಳ್ತೀನಿ. ಸಾಮುದಾಯಿಕ ಜಾಗಗಳಿಂದ ಶುರು ಮಾಡುವುದು ಸುಲಭ, ಯಾಕೆಂದರೆ ಅಲ್ಲಿ ಯಾರ ಅಪ್ಪನ ಆಸ್ತಿಯನ್ನೂ ಪಾಲು ಕೇಳಬೇಕಿಲ್ಲ. 2021, 22ರ ದೊಡ್ಡ ಮಳೆಗಳಲ್ಲಿ ಜಯಮಂಗಲಿ ತುಂಬಿ ಹರಿದಾಗ ಬತ್ತಿ ಹೋಗಿದ್ದ ಎಷ್ಟೋ ತಲಪರಿಗೆಗಳಲ್ಲಿ ಮತ್ತೆ ನೀರು ಕಂಡಿತು. ಒರತೆ ಸತ್ತಿಲ್ಲ ಅಂತಾಯಿತು. ಆ ತಲಪರಿಗೆಗಳಿಗೆ ಹದ್ದುಬಸ್ತು ಮಾಡಿಸಿ, ಪಂಚಾಯ್ತಿ ಆಸ್ತಿ ಪುಸ್ತಕದಲ್ಲಿ ಬರೆಸಿ, ನಿರ್ವಹಣೆಯ ಹೊಣೆಯನ್ನು ಊರಿನ ಹೆಂಗಸರ ಗುಂಪಿನ ಹೆಸರಿಗೆ, ಎಲ್ಲ ಕೇರಿಯವರೂ ಸೇರಿದ ಗುಂಪಿನ ಹೆಸರಿಗೆ, ಬರೆದುಕೊಡಿ. ಅಲ್ಲಿಂದ ಮರಳು ತೆಗೆಯಬೇಕಾದರೆ, ಪಕ್ಕದಲ್ಲಿ ಬೋರ್ ಕೊರೆಯಬೇಕಾದರೆ ಅವರ ಒಪ್ಪಿಗೆ ಸಹಿ ಬೇಕು ಅಂತ ಮಾಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದಕ್ಕಾಗಿ 2004ರಲ್ಲಿ ಬಂದ ನಿಯಮಗಳು ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿರಬೇಕು ಅಂದವು. ನಿಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ ಗೊತ್ತಾ? ನಮ್ಮೂರಿನದ್ದು ನನಗೆ ಕೇಳಿದ ಮೇಲೇ ಗೊತ್ತಾಗಿದ್ದು. ಅದರಲ್ಲಿದ್ದ ಒಬ್ಬಾಕೆಗೂ ತಾನು ಅದರಲ್ಲಿದ್ದೇನೆ ಅಂತ ಆಗಲೇ ಗೊತ್ತಾಗಿದ್ದು!

ಸೋಲಾರ್‌ನಂಥ ಯೋಜನೆಗಳು ಇನ್ನೂ ಬರುತ್ತವೆ, ಬರಲಿ. ಗುತ್ತಿಗೆ ಹಣದ ಜೊತೆಗೆ, ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರ ಪಟ್ಟಿಯನ್ನೂ ಮೊದಲೇ ಮಾಡಿ, ಅವರಿಗೂ ವರ್ಷ ವರ್ಷ ಒಂದು ಪಾಲು ಇಟ್ಟರೆ ಪಾರ್ಕು ಮುಳುಗಿ ಹೋಗುವುದಿಲ್ಲ. ಮೇವಿಗೆ ಪ್ಯಾನೆಲ್ ಸಾಲಿನ ನಡುವೆ ಕುರಿ ಬಿಡಬಹುದು, ಬೇರೆ ದೇಶಗಳಲ್ಲಿ ಬಿಡುತ್ತಾರೆ, ಕಳೆ ಕತ್ತರಿಸುವ ಖರ್ಚೂ ಉಳಿಯುತ್ತೆ.

ಇನ್ನು ಕಷ್ಟದ ಜಾಗ. ಸ್ವಂತ ಪಹಣಿ.

2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರದ್ದು ಶೇ. 14ರಷ್ಟು. ಕಾನೂನಿಗೇನೂ ಕೊರತೆ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ ತಂದಿದ್ದು 2005ರಲ್ಲಿ. ಆದರೆ ನಮ್ಮ ಸೀಮೆಯಲ್ಲಿ ಕಾನೂನಿಗಿಂತ ಬಲವಾದ ಒಂದು ಪತ್ರ ಇದೆ, ಹಕ್ಕು ಬಿಡುಗಡೆ ಪತ್ರ. ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಸಹಿ ಹಾಕಿಸಿ, ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿ, ಸೀರೆ ಕೊಟ್ಟು ಬಸ್ ಹತ್ತಿಸುವುದು. ಸಹಿ ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಅದಕ್ಕೆ ಹೆದರಿ ಎಲ್ಲರೂ ಹಾಕುತ್ತಾರೆ.

ಬೇರೆಯವರ ಮನೆ ಕತೆ ಹೇಳುತ್ತಿಲ್ಲ. ನಮ್ಮ ಮನೆಯದ್ದೇ. ಅತ್ತೆ ಗಂಡ ತೀರಿಕೊಂಡ ಮೇಲೆ ತವರಿಗೆ, ಕೊಡಿಗೇನಹಳ್ಳಿ ಕಡೆಯ ನಮ್ಮೂರಿಗೆ, ವಾಪಸ್ ಬಂದವಳು. ಅಪ್ಪ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಇಪ್ಪತ್ತಾರು ವರ್ಷ ಆ ಮೂರೂವರೆ ಎಕರೆ ನೋಡಿಕೊಂಡಿದ್ದು ಅತ್ತೆ. ಎರಡು ಬೋರ್‌ವೆಲ್ ಬತ್ತಿದ ಮೇಲೆ ಕೃಷಿ ಹೊಂಡ ತೋಡಿಸಿದ್ದು, ಬದುವಿಗೆ ಹೊಂಗೆ, ಬೇವು ಹಾಕಿಸಿದ್ದು, ಪಕ್ಕದ ಹೊಲದವರು ಮರಳಿಗೆ ಕೊಟ್ಟಾಗ ನಮ್ಮ ಕಡೆಯ ಹಳ್ಳದ ದಂಡೆಗೆ ಲಾರಿ ಬರದ ಹಾಗೆ ರಾತ್ರಿ ಕಲ್ಲು ಅಡ್ಡ ಇಡಿಸಿದ್ದು, ಎಲ್ಲ ಅವಳು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸುವಾಗ ಪಹಣಿಯಲ್ಲಿ ನನ್ನ ಹೆಸರು ಬಂತು. ಅದಕ್ಕೆ ಬಹಳ ಮೊದಲೇ ಅತ್ತೆಯ ಹಕ್ಕು ಬಿಡುಗಡೆ ಪತ್ರ ಆಗಿತ್ತು. ಆ ದಿನ ಅತ್ತೆಗೆ ದೋಸೆ ಕೊಡಿಸಿದ್ದು ನನಗೆ ನೆನಪಿದೆ, ನಾನೂ ತಿಂದಿದ್ದೆ. ಪಹಣಿಯಲ್ಲಿ ಹನ್ನೆರಡನೇ ಕಾಲಂ ಅಂತ ಒಂದಿದೆ, ಸಾಗುವಳಿ ಮಾಡುವವರ ಹೆಸರು ಬರೆಯುವುದಕ್ಕೆ. ಒಂಬತ್ತರಲ್ಲಿ ಹೋಗಲಿ, ಆ ಹನ್ನೆರಡರಲ್ಲಿ ಕೂಡ 'ಸ್ವಂತ' ಅಂತ ನನ್ನ ಹೆಸರೇ ಇದೆ. ನನಗೆ ನೇಗಿಲು ಹಿಡಿಯಲು ಬರೋದಿಲ್ಲ.

ಮಧುಗಿರಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆಯನ್ನು ಕೇಳಿದೆ, ಅರ್ಧ ನಿನ್ನ ಹೆಸರಿಗೆ ಮಾಡಿಸ್ತೀನಿ ಅಂತ. ಬಹಳ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಿದ್ದಳು. ಆಮೇಲೆ, "ನಿಮ್ಮಪ್ಪ ಇದ್ದಾಗ ಕೇಳಿದ್ರೆ ಚೆನ್ನಾಗಿರ್ತಿತ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಹೆಂಡ್ರು ಒಪ್ತಾಳಾ?" ಅಂತ ಕೇಳಿದಳು. ಒಪ್ತಾಳೆ ಅಂದೆ. "ನಿನ್ನ ತಂಗಿ ಸೈನೂ ಹಾಕುಸ್ಕೊಂಡಿದೀಯಲ್ಲಾ, ಅವ್ಳುನ್ನ ಕೇಳ್ದಾ?"

ತಂಗಿಯ ವಿಷಯ ನಾನು ಮೇಲೆ ಬರೆದಿಲ್ಲ. ಬರೆಯುವಾಗ ಅದು ನೆನಪಾಗಲೇ ಇಲ್ಲ ಅಂದರೆ ನೀವು ನಂಬುತ್ತೀರೋ ಇಲ್ಲವೋ. ಕೈ ಅದನ್ನು ದಾಟಿಕೊಂಡು ಹೋಗಿತ್ತು.

ಆ ರಾತ್ರಿಯೇ ತಂಗಿಗೆ ಫೋನ್ ಮಾಡಿದೆ. ಅವಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು, ಆಮೇಲೆ "ಯೋಚನೆ ಮಾಡಿ ಹೇಳ್ತೀನಿ ಅಣ್ಣ" ಅಂದಳು. ಮುಂದಿನ ತಿಂಗಳು ಹಬ್ಬಕ್ಕೆ ಮೂವರೂ ಊರಲ್ಲಿರುತ್ತೇವೆ. ನಾಡಕಚೇರಿಯಲ್ಲಿ ಪರಿಚಯದವರೊಬ್ಬರನ್ನು ಕೇಳಿದ್ದಕ್ಕೆ, ಹೆಸರು ಸೇರಿಸಲು ದಾನಪತ್ರ ಮಾಡಿಸುವುದೇ ದಾರಿ, ಒಂದಿಷ್ಟು ಖರ್ಚು, ಒಂದಿಷ್ಟು ಓಡಾಟ ಅಂದರು. ಅತ್ತೆ ಮಾತ್ರ ಫೋನಿನಲ್ಲಿ ಅದರ ಬಗ್ಗೆ ಮಾತೇ ಎತ್ತಲಿಲ್ಲ. ಹೊಂಡದಲ್ಲಿ ಇನ್ನು ಎರಡು ಅಡಿ ನೀರಿದೆಯಂತೆ, ಈ ಸಲ ಮೂಲೆಯಲ್ಲಿ ಕೊರಲೆ ಜಾಸ್ತಿ ಹಾಕೋಣವಾ ಅಂತ ಕೇಳಿದಳು. ನನ್ನನ್ನು ಯಾಕೆ ಕೇಳ್ತೀಯಾ ಅಂದೆ.